ಅಮ್ಮನ ಮುಖ, ಅಪ್ಪನ ಕುತೂಹಲ

1950ರ ಮಾರ್ಚ್ 14. ಅಮೆರಿಕದ ಸೆನೆಟ್ ಸಭೆಯಲ್ಲಿ ಕೊಲರಾಡೊ ರಾಜ್ಯದ ಸದಸ್ಯ ಎಡ್ವಿನ್ ಜಾನ್ಸನ್ ಎದ್ದು ನಿಂತು ಒಬ್ಬ ನಟಿಯ ಮೇಲೆ ಹರಿಹಾಯ್ದರು. ‘ಕಾಸಾಬ್ಲಾಂಕಾ’ದ ನಾಯಕಿಯಾಗಿ, ಆಮೇಲೆ ತೆರೆಯ ಮೇಲೆ ಕ್ರೈಸ್ತ ಸನ್ಯಾಸಿನಿಯಾಗಿ, ಸಂತ ಜೋನ್ ಆಗಿ ಅಮೆರಿಕದ ಮನೆಮನೆಯ ಗೌರವ ಗಳಿಸಿದ್ದ ಇಂಗ್ರಿಡ್ ಬರ್ಗ್‌ಮನ್, ಗಂಡನನ್ನೂ ಹನ್ನೊಂದು ವರ್ಷದ ಮಗಳನ್ನೂ ಬಿಟ್ಟು ಇಟಲಿಯ ನಿರ್ದೇಶಕರೊಬ್ಬರ ಜತೆ ಸಂಸಾರ ಹೂಡಿದ್ದರು. ಹಿಂದಿನ ತಿಂಗಳಷ್ಟೇ ಅವರಿಗೆ ಗಂಡುಮಗು ಹುಟ್ಟಿತ್ತು; ಮದುವೆ ಇನ್ನೂ ಆಗಿರಲಿಲ್ಲ. ನಟನಟಿಯರ ನಡತೆಯನ್ನು ನೋಡಿ ಸಿನಿಮಾಗಳಿಗೆ ಪರವಾನಗಿ ಕೊಡುವ ಕಾನೂನು ಬರಬೇಕು ಎನ್ನುವಲ್ಲಿಗೆ ಜಾನ್ಸನ್ ಅವರ ಸಿಟ್ಟು ಹೋಗಿ ಮುಟ್ಟಿತು.

ಆ ನಿರ್ದೇಶಕರು ರೊಬೆರ್ಟೊ ರೊಸೆಲಿನಿ. ಎರಡನೇ ಮಹಾಯುದ್ಧದ ಗಾಯ ಆರುವ ಮೊದಲೇ, ರೋಮ್ ನಗರದ ನಿಜವಾದ ಬೀದಿಗಳಿಗೆ ಕ್ಯಾಮೆರಾ ಹೊತ್ತೊಯ್ದು 1945ರಲ್ಲಿ ‘ರೋಮ್, ಓಪನ್ ಸಿಟಿ’ ತೆರೆಗೆ ತಂದವರು. ಆ ಚಿತ್ರವನ್ನೂ ಅದರ ಹಿಂದೆ ಬಂದ ‘ಪೈಸಾ’ವನ್ನೂ ನೋಡಿದ ಬರ್ಗ್‌ಮನ್, ಹಾಲಿವುಡ್ಡಿನ ನಯನಾಜೂಕಿಗೆ ಬೇಸತ್ತು, ನಿಮ್ಮೊಂದಿಗೆ ಕೆಲಸ ಮಾಡಲು ಸಿದ್ಧಳಿದ್ದೇನೆ ಎಂದು ಅವರಿಗೆ ಕಾಗದ ಬರೆದರು. ಆ ಕಾಗದದಿಂದ ‘ಸ್ಟ್ರಾಂಬೊಲಿ’ ಎಂಬ ಚಿತ್ರ ಹುಟ್ಟಿತು. ಜ್ವಾಲಾಮುಖಿಯ ನಡುಗಡ್ಡೆಯಲ್ಲಿ ಅದರ ಚಿತ್ರೀಕರಣ ನಡೆಯುವಾಗಲೇ ಇಬ್ಬರೂ ಹಿಂತಿರುಗಲಾರದಷ್ಟು ಹತ್ತಿರವಾಗಿದ್ದರು. ಸೆನೆಟ್ಟಿನ ಗದ್ದಲ ನಡೆದು ಎರಡು ವರ್ಷಕ್ಕೆ, 1952ರ ಜೂನ್ 18ರಂದು, ರೋಮ್‌ನಲ್ಲಿ ಈ ದಂಪತಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಒಬ್ಬಾಕೆ ಇಸೊಟ್ಟಾ ಇಂಗ್ರಿಡ್, ಮುಂದೆ ಸಾಹಿತ್ಯದ ವಿದ್ವಾಂಸೆ. ಇನ್ನೊಬ್ಬಾಕೆ ಇಸಬೆಲ್ಲಾ ರೊಸೆಲಿನಿ, ಮುಂದೆ ಮಾಡೆಲ್ ಮತ್ತು ನಟಿ. ಅದೇ ವರ್ಷದ ಆರಂಭದಲ್ಲಿ ಭಾರತದ ಮೊಟ್ಟಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಮುಂಬೈಯಲ್ಲಿ ನಡೆದಿತ್ತು. ನಮ್ಮ ಸಿನಿಮಾದ ದಾರಿಯನ್ನೇ ತಿರುಗಿಸಿದ ಇಟಲಿಯ ಚಿತ್ರಗಳ ಆ ಸಾಲಿನಲ್ಲಿ ‘ಬೈಸಿಕಲ್ ಥೀವ್ಸ್’ ಜತೆ ‘ರೋಮ್, ಓಪನ್ ಸಿಟಿ’ಯೂ ಇತ್ತು.

ತಾರೆಯರ ಮಕ್ಕಳ ವಿಷಯ ಬಂದರೆ ನಮ್ಮ ಮಾತು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಓಡುತ್ತದೆ: ಸಿಕ್ಕಿದ್ದು ಯೋಗ್ಯತೆಯಿಂದಲೋ ಹೆಸರಿನಿಂದಲೋ? ಈಚೆಗೆ ಅದಕ್ಕೆ ‘ನೆಪೋ ಬೇಬಿ’ ಎಂಬ ಹಣೆಪಟ್ಟಿಯೂ ಬಂದಿದೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಇಸಬೆಲ್ಲಾ ಅವರ ಬದುಕಿನ ಮುಂದೆ ಅದು ಬೇಗ ಖಾಲಿಯಾಗುತ್ತದೆ. ಹೆಸರು ಬಾಗಿಲು ತೆರೆಯಿತು, ಅದರಲ್ಲಿ ಎರಡು ಮಾತಿಲ್ಲ. ಒಳಗೆ ಹೋದ ಮೇಲೆ ಅವರು ಮಾಡಿದ್ದೇನು ಎಂಬುದು ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ. ತಂದೆತಾಯಿಯ ಆಸ್ತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಪಾಲು ತಾಯಿಯ ಮುಖ. ಲೋಕ ಅದನ್ನೇ ಅವರಿಂದ ಬೇಡಿತು, ಅದಕ್ಕೇ ದುಡ್ಡು ಕೊಟ್ಟಿತು, ಕೊನೆಗೆ ವಯಸ್ಸಾಯಿತೆಂದು ಅದನ್ನೇ ಬೇಡವೆಂದಿತು. ಯಾರೂ ಕೇಳದ ಇನ್ನೊಂದು ಪಾಲಿತ್ತು. ಲೋಕ ಹೇಗೆ ನಡೆಯುತ್ತದೆಂದು ತಿಳಿಯುವ, ತಿಳಿದದ್ದನ್ನು ತೋರಿಸುವ ತಂದೆಯ ಹಸಿವು ಅದು. ಇಸಬೆಲ್ಲಾ ತಮ್ಮ ಬದುಕಿನ ಎರಡನೇ ಅರ್ಧವನ್ನು ಕಟ್ಟಿಕೊಂಡದ್ದು ಅದರ ಮೇಲೆ.

ಅವರಿಗೆ ನಾಲ್ಕೂವರೆ ವರ್ಷವಾದಾಗ ತಂದೆ ಭಾರತಕ್ಕೆ ಹೊರಟರು. 1956ರ ಡಿಸೆಂಬರಿನಲ್ಲಿ ಮುಂಬೈಗೆ ಬಂದಿಳಿದ ರೊಸೆಲಿನಿಗೆ ನೆಹರೂ ಅವರ ಬೆಂಬಲವಿತ್ತು. ಸ್ವತಂತ್ರ ಭಾರತದ ಮೇಲೆ ಸಿನಿಮಾ ಮಾಡುವುದು ಉದ್ದೇಶ. ಬಂಗಾಳದ ಸಾಕ್ಷ್ಯಚಿತ್ರ ನಿರ್ದೇಶಕ ಹರಿಸಾಧನ್ ದಾಸ್‌ಗುಪ್ತ ಅವರ ಪತ್ನಿ ಸೋನಾಲಿ ಈ ಚಿತ್ರದ ಕೆಲಸದಲ್ಲಿ ಜತೆಯಾದರು, ನಂಟು ಬೆಳೆಯಿತು, ಪತ್ರಿಕೆಗಳಲ್ಲಿ ರಂಪವಾಯಿತು. ಸೋನಾಲಿ ದೊಡ್ಡ ಮಗನನ್ನು ಇಲ್ಲಿ ಬಿಟ್ಟು, ಎಳೆಯ ಮಗುವನ್ನು ಎತ್ತಿಕೊಂಡು ಯುರೋಪಿಗೆ ಹೋದರು. ಏಳು ವರ್ಷದ ಹಿಂದೆ ಒಂದು ಮನೆ ಒಡೆದು ಕಟ್ಟಿದ ಮನೆ ಈಗ ಇನ್ನೊಂದಕ್ಕಾಗಿ ಒಡೆಯಿತು. 1957ರಲ್ಲಿ ಬರ್ಗ್‌ಮನ್ ಮತ್ತು ರೊಸೆಲಿನಿ ಬೇರೆಯಾದರು. ಮರುವರ್ಷ ಬರ್ಗ್‌ಮನ್ ಸ್ವೀಡನ್ನಿನ ರಂಗನಿರ್ಮಾಪಕ ಲಾರ್ಸ್ ಶ್ಮಿಟ್ ಅವರನ್ನು ಮದುವೆಯಾದರು. ಮಕ್ಕಳು ಯಾರ ಪಾಲಿಗೆ ಎಂಬ ವ್ಯಾಜ್ಯ ಕೋರ್ಟಿಗೆ ಹೋಯಿತು.

ಇಷ್ಟೆಲ್ಲ ಆದ ಮನೆಯ ಮಕ್ಕಳು ಕಹಿ ತುಂಬಿಕೊಂಡು ಬೆಳೆಯಬೇಕಿತ್ತು ಎಂದು ನಮಗೆ ತೋರಬಹುದು. ಇಸಬೆಲ್ಲಾ ತಮ್ಮ ಬಾಲ್ಯದ ಬಗ್ಗೆ ಬರೆದದ್ದರಲ್ಲಿ, ಆಡಿದ್ದರಲ್ಲಿ ಆ ಕಹಿ ಕಾಣುವುದಿಲ್ಲ. ಅವರ ಪಾಲಿಗೆ ಒಡಹುಟ್ಟಿದವರೆಂದರೆ ಒಂದು ದೊಡ್ಡ ಬಳಗ: ಅಮ್ಮನ ಮೊದಲ ಮದುವೆಯ ಪಿಯಾ, ಅಪ್ಪನ ಹಿಂದಿನ ಮದುವೆಯ ರೆಂಜೊ, ಒಡಹುಟ್ಟಿದ ಅಣ್ಣ ರೊಬೆರ್ಟೊ, ಅವಳಿ ಇಸೊಟ್ಟಾ, ಸೋನಾಲಿ ಕರೆತಂದ ಅರ್ಜುನ್ ಅಂದರೆ ಗಿಲ್, ಸೋನಾಲಿಗೆ ಹುಟ್ಟಿದ ರಫಾಯೆಲ್ಲಾ. ಬೇಸಿಗೆ ಬಂದರೆ ಸ್ವೀಡನ್ನಿನ ಕಡಲತಡಿಯ ಡ್ಯಾನ್‌ಹಾಲ್ಮೆನ್ ಎಂಬ ಪುಟ್ಟ ಬಂಡೆಗಲ್ಲಿನ ದ್ವೀಪದಲ್ಲಿ ಅಮ್ಮನ ಜತೆ. ಶಾಲೆ ಶುರುವಾದರೆ ರೋಮ್. ಅಪ್ಪ ಹಾಸಿಗೆ ಬಿಟ್ಟೇಳದ ಆಸಾಮಿ. ಓದು, ಬರಹ, ಫೋನು, ವಾದವಿವಾದ ಎಲ್ಲ ಅಲ್ಲಿಂದಲೇ. ಅವರು ಪಕ್ಕಕ್ಕೆ ಹೊರಳಿ ಮಲಗಿ ತಾಯಿಹಂದಿಯಾಗುತ್ತಿದ್ದರು, ಮಕ್ಕಳು ಮರಿಗಳಾಗಿ ಆ ದೊಡ್ಡ ಹೊಟ್ಟೆಗೆ ಮುಗಿಬೀಳುತ್ತಿದ್ದರು. ಈ ಆಟವನ್ನು ನೆನಪಿಟ್ಟುಕೊಳ್ಳಿ ಎಂದು ಓದುಗರಿಗೆ ಹೇಳಬೇಕೆನಿಸುತ್ತದೆ, ಏಕೆಂದರೆ ಮಗಳು ಅದನ್ನು ಮರೆಯಲಿಲ್ಲ.

ಹದಿಮೂರರ ಹೊತ್ತಿಗೆ ಬೆನ್ನುಮೂಳೆ ಬಾಗುತ್ತಿರುವುದು ಗೊತ್ತಾಯಿತು. ಸ್ಕೋಲಿಯೋಸಿಸ್. ಹದಿನೆಂಟು ತಿಂಗಳು ನಡೆದ ಚಿಕಿತ್ಸೆ ಅದು: ಮೈಯನ್ನು ಎಳೆದು ನೇರಮಾಡುವುದು, ಮುಂಡಕ್ಕೆಲ್ಲ ಪ್ಲಾಸ್ಟರ್ ಕವಚ ಹಾಕುವುದು, ಕೊನೆಗೆ ಮೊಣಕಾಲ ಕೆಳಗಿನ ಮೂಳೆಯಿಂದ ಚೂರು ತೆಗೆದು ಬೆನ್ನುಮೂಳೆಗೆ ಕೂಡಿಸುವ ಶಸ್ತ್ರಚಿಕಿತ್ಸೆ. ಬರ್ಗ್‌ಮನ್ ಕೆಲಸವನ್ನೆಲ್ಲ ಬದಿಗಿಟ್ಟು ಮಗಳ ಪಕ್ಕ ಕೂತರು. ಮಕ್ಕಳನ್ನು ಬಿಟ್ಟುಹೋದವಳು ಎಂದು ಎರಡು ಖಂಡಗಳ ಪತ್ರಿಕೆಗಳು ಬರೆದ ತಾಯಿ ಆಕೆ. ಆ ಹೆಂಗಸಿನ ಬಗ್ಗೆ ಮಗಳ ತೀರ್ಪು ಬೇರೆಯೇ ಆಗಿದ್ದರೆ ಅದಕ್ಕೆ ಆ ಆಸ್ಪತ್ರೆಯ ದಿನಗಳೂ ಕಾರಣವಿರಬೇಕು. ಮುಂದೆ ಜಗತ್ತಿನ ಅತ್ಯಂತ ಸುಂದರ ಹೆಣ್ಣುಗಳಲ್ಲಿ ಒಬ್ಬರೆಂದು ಹೆಸರಾದವರ ಬೆನ್ನಿನ ಮೇಲೂ ಕಾಲಿನ ಮೇಲೂ ಆ ಹೊಲಿಗೆಯ ಗುರುತುಗಳು ಇಂದಿಗೂ ಇವೆ.

ಹತ್ತೊಂಬತ್ತಕ್ಕೆ ನ್ಯೂಯಾರ್ಕ್ ಸೇರಿದರು. ಕಾಲೇಜು, ಭಾಷಾಂತರದ ಕೆಲಸ, ಇಟಲಿಯ ಸರ್ಕಾರಿ ಟಿವಿ ರಾಯ್‌ಗೆ ಅಮೆರಿಕದಿಂದ ವರದಿ. ‘ಲ’ಆಲ್ತ್ರಾ ದೊಮೇನಿಕಾ’ ಎಂಬ ಭಾನುವಾರದ ಕಾರ್ಯಕ್ರಮದಲ್ಲಿ ಅವರ ಮುಖ ಇಟಲಿಯ ಮನೆಗಳಿಗೆ ಪರಿಚಯವಾಯಿತು. ಅದೇ ಕಾರ್ಯಕ್ರಮದಿಂದ ಬಂದ ಇನ್ನೊಬ್ಬರು ನಟ ರೊಬೆರ್ಟೊ ಬೆನಿನಿ. ನಟನೆಯ ಕಡೆಗೆ ಮಾತ್ರ ಇಸಬೆಲ್ಲಾ ಕಾಲಿಡಲು ಹಿಂದೇಟು ಹಾಕಿದರು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ನಾವು ಸುಲಭವಾಗಿ ಆಡುವ ಮಾತು, ತಾಯಿ ಮೂರು ಆಸ್ಕರ್ ಗೆದ್ದವರಾದಾಗ ಮಗಳ ಎದೆಯ ಮೇಲೆ ಕಲ್ಲಾಗುತ್ತದೆ.

1976ರಲ್ಲಿ ಬಂದ ‘ಎ ಮ್ಯಾಟರ್ ಆಫ್ ಟೈಮ್’ ಎಂಬ ಚಿತ್ರವನ್ನು ಇವತ್ತು ಯಾರೂ ನೆನೆಯುವುದಿಲ್ಲ. ಆದರೆ ಅದರ ಹೆಸರಿನ ಪಟ್ಟಿ ನೋಡಿ: ನಿರ್ದೇಶನ ವಿನ್ಸೆಂಟ್ ಮಿನೆಲಿ, ನಾಯಕಿ ಅವರ ಮತ್ತು ಜೂಡಿ ಗಾರ್ಲೆಂಡ್ ಅವರ ಮಗಳು ಲೈಜಾ ಮಿನೆಲಿ, ಮುಖ್ಯ ಪಾತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್, ಸನ್ಯಾಸಿನಿಯ ಚಿಕ್ಕ ಪಾತ್ರದಲ್ಲಿ ಇಸಬೆಲ್ಲಾ. ತಾರೆಯರಿಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಒಂದೇ ಚಿತ್ರದಲ್ಲಿ. ಲೈಜಾ ಆ ಹೊತ್ತಿಗಾಗಲೇ ‘ಕ್ಯಾಬರೆ’ಗೆ ಆಸ್ಕರ್ ಪಡೆದು, ತಾಯಿಯ ರಂಗಸ್ಥಳವನ್ನೇ ತನ್ನದಾಗಿಸಿಕೊಂಡು ಹಾಡುತ್ತ ನಿಂತಿದ್ದರು. ಇಸಬೆಲ್ಲಾ ಆ ದಾರಿಯ ಮೊದಲ ಮೆಟ್ಟಿಲಿನಲ್ಲಿ ಅಳುಕುತ್ತಿದ್ದರು. ಮರುವರ್ಷ ಜೂನ್‌ನಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡರು. 1979ರಲ್ಲಿ ಇಸಬೆಲ್ಲಾ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯನ್ನು ಮದುವೆಯಾದರು, ಮೂರು ವರ್ಷದಲ್ಲಿ ಅದೂ ಮುಗಿಯಿತು.

ಮಾಡೆಲಿಂಗ್ ಶುರುವಾದದ್ದು ಇಪ್ಪತ್ತೆಂಟಕ್ಕೆ. ಉಳಿದ ಮಾಡೆಲ್‌ಗಳು ಕೆಲಸ ಬಿಡಲು ತಯಾರಾಗುವ ವಯಸ್ಸು ಅದು. ಬ್ರೂಸ್ ವೆಬರ್ ತೆಗೆದ ಚಿತ್ರಗಳು ಬ್ರಿಟಿಷ್ ‘ವೋಗ್’ನಲ್ಲಿ ಬಂದವು, ಬೆನ್ನಿಗೇ ಅಮೆರಿಕದ ‘ವೋಗ್’. 1982ರಲ್ಲಿ ಫ್ರಾನ್ಸಿನ ಸೌಂದರ್ಯವರ್ಧಕ ಕಂಪನಿ ಲಾಂಕೋಮ್ ಅವರನ್ನು ತನ್ನ ಮುಖವಾಗಿ ಆರಿಸಿಕೊಂಡಿತು. ಅದೇ ವರ್ಷದ ಆಗಸ್ಟ್ 29ರಂದು, ತಮ್ಮ 67ನೇ ಹುಟ್ಟುಹಬ್ಬದ ದಿನವೇ, ಬರ್ಗ್‌ಮನ್ ಸ್ತನ ಕ್ಯಾನ್ಸರ್‌ನಿಂದ ಲಂಡನ್ನಿನಲ್ಲಿ ಕಣ್ಣುಮುಚ್ಚಿದರು. ತಾಯಿ ಹೋದ ವರ್ಷದಿಂದಲೇ ತಾಯಿಯನ್ನು ಹೋಲುವ ಮುಖ ಊರೂರಿನ ಅಂಗಡಿ ಗಾಜುಗಳಲ್ಲಿ ಕಾಣಿಸತೊಡಗಿತು. ಅದೇ ದವಡೆ, ಅದೇ ತುಟಿ, ನಕ್ಕಾಗ ಅದೇ ತೆರವು. ಈ ಕೆಲಸವನ್ನು ಇಸಬೆಲ್ಲಾ ಎಂದೂ ಕೀಳಾಗಿ ಕಂಡವರಲ್ಲ. ಕ್ಯಾಮೆರಾದ ಮುಂದೆ ಮುಖವನ್ನು ಹಿಡಿಯುವುದೂ ಒಂದು ಬಗೆಯ ನಟನೆ, ಮಾತಿಲ್ಲದ ಸಿನಿಮಾದ ನಟನೆಗೆ ಹತ್ತಿರದ್ದು ಎಂಬ ನಿಲುವು ಅವರದು.

ಹದಿನಾಲ್ಕು ವರ್ಷ ಅದು ನಡೆಯಿತು. ನಲವತ್ತು ದಾಟಿದ ಮೇಲೆ ಕಂಪನಿಯಿಂದ ಬಂದ ವಿವರಣೆಯನ್ನು ಅವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ: ಜಾಹೀರಾತು ಮಾರುವುದು ಕನಸನ್ನು, ಹೆಂಗಸರ ಕನಸು ಯೌವನ, ಆದ್ದರಿಂದ ನಿಮ್ಮ ಮುಖ ಇನ್ನು ಹೊಂದುವುದಿಲ್ಲ. ಗ್ರಾಹಕ ಹೆಂಗಸರು ಅವರನ್ನು ಮೆಚ್ಚಿಕೊಂಡಿದ್ದರು, ಮಾರಾಟ ಚೆನ್ನಾಗಿತ್ತು. ಆದರೂ ಒಪ್ಪಂದ ಮುಗಿಯಿತು. ಸಿನಿಮಾದಲ್ಲೂ ಪಾತ್ರಗಳು ತೆಳ್ಳಗಾಗುತ್ತ ಹೋದವು. ಇಪ್ಪತ್ತು ವರ್ಷದ ನಂತರ, 2016ರಲ್ಲಿ, ಅದೇ ಕಂಪನಿ 63ರ ಇಸಬೆಲ್ಲಾ ಅವರನ್ನು ಮತ್ತೆ ಕರೆಯಿತು. ಆ ಹೊತ್ತಿಗೆ ಅದರ ಮುಖ್ಯಸ್ಥ ಸ್ಥಾನದಲ್ಲಿ ಒಬ್ಬ ಹೆಂಗಸು ಇದ್ದರು. ಮುಖದ ಸುಕ್ಕುಗಳನ್ನು ಶಸ್ತ್ರಚಿಕಿತ್ಸೆಯಿಂದ ಎಳೆಸಿಕೊಳ್ಳದೆ ಇಸಬೆಲ್ಲಾ ಹೋದರು.

ಮಧ್ಯೆ ‘ಬ್ಲೂ ವೆಲ್ವೆಟ್’ ಇದೆ. 1986ರಲ್ಲಿ ಡೇವಿಡ್ ಲಿಂಚ್ ತೆಗೆದ ಈ ಚಿತ್ರದಲ್ಲಿ ಇಸಬೆಲ್ಲಾ ಡೊರೊತಿ ಎಂಬ ನೈಟ್‌ಕ್ಲಬ್ ಗಾಯಕಿ. ಗಂಡ, ಮಗು ಅಪಹರಣಕ್ಕೊಳಗಾಗಿದ್ದಾರೆ. ಅಪಹರಿಸಿದವನ ಹಿಂಸೆಗೆ ಅವಳು ದಿನವೂ ಒಳಗಾಗುತ್ತಾಳೆ. ಒಂದು ದೃಶ್ಯದಲ್ಲಿ ಅವಳು ರಾತ್ರಿ ಹೊತ್ತು, ಮೈಮೇಲೆ ನೂಲೂ ಇಲ್ಲದೆ, ಗಾಯಗೊಂಡು, ಕೈಗಳನ್ನು ದೇಹದಿಂದ ದೂರ ಹಿಡಿದು ಬೀದಿಗೆ ನಡೆದು ಬರುತ್ತಾಳೆ. ವಿಯೆಟ್ನಾಂ ಯುದ್ಧದಲ್ಲಿ ನಾಪಾಮ್ ಸುಟ್ಟ ಮೈಯಿಂದ ರಸ್ತೆಯಲ್ಲಿ ಓಡಿಬರುವ ಹುಡುಗಿಯ ಛಾಯಾಚಿತ್ರ ಆ ನಡಿಗೆಗೆ ಆಧಾರ ಎಂದು ಇಸಬೆಲ್ಲಾ ಹೇಳಿದ್ದಾರೆ. ಅಲ್ಲಿ ಬಯಕೆ ಹುಟ್ಟಿಸುವಂಥದ್ದು ಏನೂ ಇರಕೂಡದು, ಸಹಾಯಕ್ಕೆ ಕೂಗುವ ದೇಹ ಮಾತ್ರ ಕಾಣಬೇಕು ಎಂಬುದು ಅವರ ಲೆಕ್ಕ. ನಟಿಯೊಬ್ಬಳನ್ನು ಹೀಗೆ ಅವಮಾನಿಸಬಹುದೆ ಎಂದು ಖ್ಯಾತ ವಿಮರ್ಶಕ ರೋಜರ್ ಈಬರ್ಟ್ ನಿರ್ದೇಶಕರನ್ನು ತರಾಟೆಗೆ ತೆಗೆದುಕೊಂಡರು. ನಾನು ವಯಸ್ಸಿಗೆ ಬಂದ ಹೆಂಗಸು, ತಿಳಿದೇ ಒಪ್ಪಿದ್ದೆ ಎಂಬುದು ಇಸಬೆಲ್ಲಾ ಉತ್ತರ. ಬರ್ಗ್‌ಮನ್ ಅವರ ಮಗಳಾಗಿ ಇಂಥ ಪಾತ್ರವೇ ಎಂದು ಮೂಗು ಮುರಿದವರಿಗೆ ಆ ಬರ್ಗ್‌ಮನ್ ಯಾರು ಎಂಬುದು ಮರೆತಿತ್ತೆಂದು ಕಾಣುತ್ತದೆ. ಇಡೀ ಅಮೆರಿಕ ಪೂಜಿಸುತ್ತಿದ್ದ ತನ್ನ ಬಿಂಬವನ್ನು ತಾನೇ ಒಡೆದು, ಬೂದಿ ಹಾರುವ ಬೆಟ್ಟದ ಮೇಲೆ ಸ್ಕ್ರಿಪ್ಟ್ ಇಲ್ಲದ ಚಿತ್ರಕ್ಕೆ ಬಂದು ನಿಂತವರು ಅವರು.

ಈ ಇಡೀ ಬದುಕಿನಲ್ಲಿ ನನಗೆ ಹೆಚ್ಚು ಪ್ರಿಯವಾದ ಕೃತಿಗೆ ಈಗ ಬರುತ್ತೇನೆ. ರೊಬೆರ್ಟೊ ರೊಸೆಲಿನಿಯ ಜನ್ಮಶತಮಾನೋತ್ಸವಕ್ಕಾಗಿ ಇಸಬೆಲ್ಲಾ ಬರೆದು, ಕೆನಡಾದ ಗೈ ಮ್ಯಾಡಿನ್ ನಿರ್ದೇಶಿಸಿದ ‘ಮೈ ಡ್ಯಾಡ್ ಈಸ್ 100 ಇಯರ್ಸ್ ಓಲ್ಡ್’ 2005ರ ಕಿರುಚಿತ್ರ. ಕಪ್ಪುಬಿಳುಪು, ಕಾಲು ಗಂಟೆಗಿಂತ ತುಸು ಹೆಚ್ಚು ಉದ್ದ. ಖಾಲಿ ಚಿತ್ರಮಂದಿರದಂಥ ಜಾಗ. ತಂದೆಯ ಪಾತ್ರಕ್ಕೆ ನಟನಿಲ್ಲ. ಒಂದು ಬೃಹತ್ತಾದ ಹೊಟ್ಟೆ ಇದೆ, ಅದಕ್ಕೆ ದನಿ ಇದೆ. ಮಕ್ಕಳು ಹಂದಿಮರಿಗಳಾಗಿ ಮುಗಿಬೀಳುತ್ತಿದ್ದ ಆ ಹೊಟ್ಟೆಯೇ. ಉಳಿದ ಪಾತ್ರಗಳೆಲ್ಲ ಇಸಬೆಲ್ಲಾ ಒಬ್ಬರೇ: ಆಲ್ಫ್ರೆಡ್ ಹಿಚ್‌ಕಾಕ್, ಬರ್ಗ್‌ಮನ್ ಅವರನ್ನು ಹಾಲಿವುಡ್ಡಿಗೆ ಕರೆತಂದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್, ಫೆಲಿನಿ, ಚಾಪ್ಲಿನ್. ಮತ್ತು ಒಂದು ದೊಡ್ಡ ತೆರೆಯ ಮೇಲೆ, ಅಮ್ಮ.

ಅವರು ಜಗಳವಾಡುತ್ತಾರೆ. ಸಿನಿಮಾ ಎಂದರೇನು ಎಂಬುದೇ ಜಗಳ. ಪ್ರೇಕ್ಷಕನನ್ನು ಹಿಡಿದು ಕುಣಿಸುವುದೇ ಕಲೆ ಎನ್ನುವ ಹಿಚ್‌ಕಾಕ್ ಒಂದು ಕಡೆ, ಕಥೆ ಮತ್ತು ತಾರೆ ಬೇಕೆನ್ನುವ ಸೆಲ್ಜ್‌ನಿಕ್ ಇನ್ನೊಂದು ಕಡೆ, ಕನಸಿನ ಪರವಾಗಿ ಫೆಲಿನಿ. ಹೊಟ್ಟೆ ಒಪ್ಪುವುದಿಲ್ಲ. ನಿಜವನ್ನು ಅದರ ಪಾಡಿಗೆ ತೋರಿಸಬೇಕು, ನೋಡುವವನ ಬುದ್ಧಿಯನ್ನು ಗೌರವಿಸಬೇಕು ಎಂದು ಅದು ಹಟ ಹಿಡಿಯುತ್ತದೆ. ತೆರೆಯ ಮೇಲಿನ ಅಮ್ಮ, ಮಗಳದೇ ಮುಖದಲ್ಲಿ, ಗಂಡನ ಬಗ್ಗೆ ತನಗೆ ತಿಳಿದದ್ದನ್ನು ಹೇಳುತ್ತಾರೆ. ಅವರಿಬ್ಬರು ಕೂಡಿ ಮಾಡಿದ ‘ಸ್ಟ್ರಾಂಬೊಲಿ’, ‘ಯೂರೋಪಾ 51’, ‘ಜರ್ನಿ ಟು ಇಟಲಿ’ ಮೊದಲಾದ ಚಿತ್ರಗಳು ಆಗ ಸೋತವು. ಮುಂದೆ ಫ್ರಾನ್ಸಿನ ಹೊಸ ಅಲೆಯ ಹುಡುಗರು, ಟ್ರುಫೋ, ಗೊದಾರ್, ರಿವೆತ್, ಅವುಗಳಿಂದಲೇ ಪಾಠ ಕಲಿತೆವು ಎಂದರು. ಸೋಲುತ್ತಿರುವಾಗ ಆ ಮನೆಯ ಸಾಲವೂ ಬೇಸರವೂ ಎಷ್ಟಿತ್ತೆಂಬುದು ಮನೆಯವರಿಗೆ ಗೊತ್ತು. ಕೊನೆಗೆ ಮಗಳು ಅಪ್ಪನಿಗೆ ಹೇಳುವುದಿಷ್ಟೇ: ನೀನು ಮೇಧಾವಿಯೋ ಅಲ್ಲವೋ ನನಗೆ ಗೊತ್ತಿಲ್ಲ, ನಿನ್ನನ್ನು ಪ್ರೀತಿಸುತ್ತೇನೆ ಎಂಬುದು ಗೊತ್ತು. ತಾರೆಯರ ಮಕ್ಕಳು ತಂದೆತಾಯಿಯ ಶತಮಾನೋತ್ಸವದಲ್ಲಿ ಹಾರ ಹಾಕಿ ಭಾಷಣ ಮಾಡುವುದನ್ನು ಬೇಕಾದಷ್ಟು ನೋಡಿದ್ದೇವೆ. ತಂದೆಯ ವಾದವನ್ನೂ ಅದರ ಎದುರಾಳಿಗಳನ್ನೂ ತನ್ನ ಮೈಯಲ್ಲೇ ಹೊತ್ತು, ಎಲ್ಲರಿಗೂ ನ್ಯಾಯ ಕೊಡುವ ಇಂಥ ಶ್ರಾದ್ಧವನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಹೊಟ್ಟೆಯ ಹಟ ಬರೀ ಮಾತಾಗಿರಲಿಲ್ಲ. ಐವತ್ತು ದಾಟಿದ ಮೇಲೆ ರೊಸೆಲಿನಿ ಸಿನಿಮಾ ಸತ್ತಿತೆಂದು ಸಾರಿ, ಟೆಲಿವಿಷನ್ನಿಗೆ ಹೋದರು. ಅಲ್ಲಿ ಜನರಿಗೆ ಪಾಠ ಹೇಳುವ ಚಿತ್ರಗಳನ್ನು ಮಾಡಿದರು. 1966ರಲ್ಲಿ ಹದಿನಾಲ್ಕನೇ ಲೂಯಿ, 1971ರಲ್ಲಿ ಸಾಕ್ರೆಟಿಸ್, ಆಮೇಲೆ ಗಣಿತಜ್ಞ ಪಾಸ್ಕಲ್. ತಾರೆಗಳಿಲ್ಲ, ಕಣ್ಣೀರಿಲ್ಲ, ರಾಜನೊಬ್ಬ ಬೆಳಿಗ್ಗೆ ಹೇಗೆ ಏಳುತ್ತಾನೆ, ಏನು ತಿನ್ನುತ್ತಾನೆ, ಬಟ್ಟೆಯ ಮೂಲಕ ಆಸ್ಥಾನವನ್ನು ಹೇಗೆ ಹಿಡಿತದಲ್ಲಿಡುತ್ತಾನೆ ಎಂಬ ವಿವರ. ಇಂಥ ತಂದೆ ಹದಿನಾಲ್ಕರ ಮಗಳ ಕೈಗೆ ಕೊಟ್ಟ ಪುಸ್ತಕ ಕೊನ್ರಾಡ್ ಲೊರೆನ್ಜ್ ಅವರ ‘ಕಿಂಗ್ ಸಾಲೊಮನ್ಸ್ ರಿಂಗ್’. ಹೆಬ್ಬಾತಿನ ಮರಿಗಳು ಮೊಟ್ಟೆಯೊಡೆದಾಗ ಮೊದಲು ಕಂಡವರನ್ನೇ ತಾಯಿ ಎಂದುಕೊಳ್ಳುವುದನ್ನು ವಿವರಿಸಿ, ಮುಂದೆ 1973ರಲ್ಲಿ ನೊಬೆಲ್ ಹಂಚಿಕೊಂಡ ವಿಜ್ಞಾನಿ ಲೊರೆನ್ಜ್. ತನಗೆ ಬೇಕಾದದ್ದು ಇದೇ ಎಂದು ಹುಡುಗಿಗೆ ಆಗಲೇ ಅನ್ನಿಸಿತ್ತು. ಆದರೆ ಬದುಕು ಮುಖದ ಬೆನ್ನು ಹತ್ತಿ ಬೇರೆಡೆ ಹೋಯಿತು.

ಆ ಮುಖಕ್ಕೆ ಬೇಡಿಕೆ ಕುಸಿದಾಗ ಪುಸ್ತಕ ಮತ್ತೆ ತೆರೆಯಿತು. ರಾಬರ್ಟ್ ರೆಡ್‌ಫೋರ್ಡ್ ಅವರ ಸನ್‌ಡ್ಯಾನ್ಸ್ ವಾಹಿನಿ ಇಂಟರ್ನೆಟ್ಟಿಗೆ, ಮೊಬೈಲಿನ ಪುಟ್ಟ ಪರದೆಗೆ ಹೊಂದುವ, ಪರಿಸರದ ಎಳೆ ಇರುವ ಕಿರುಚಿತ್ರಗಳನ್ನು ಕೇಳುತ್ತಿತ್ತು. ಇಸಬೆಲ್ಲಾ ಬರೆದದ್ದು ‘ಗ್ರೀನ್ ಪೋರ್ನೊ’. 2008ರಲ್ಲಿ ಬಂದ ಈ ಸರಣಿಯ ಒಂದೊಂದು ಕಂತು ಒಂದೆರಡು ನಿಮಿಷ. ವಿಷಯ, ಸಣ್ಣ ಜೀವಿಗಳು ಹೇಗೆ ಕೂಡುತ್ತವೆ ಎಂಬುದು. ಕಾಗದ, ಸ್ಪಂಜಿನಿಂದ ಮಾಡಿದ ವೇಷ ತೊಟ್ಟು ಐವತ್ತೈದರ ಇಸಬೆಲ್ಲಾ ಅವರೇ ಎರೆಹುಳು, ಅವರೇ ನೊಣ, ಅವರೇ ಜೇಡ. ಎರೆಹುಳುವಾಗಿ ಉದ್ದನೆಯ ಕೊಳವೆಯೊಳಗಿಂದ ಮುಖ ಮಾತ್ರ ಹೊರಗಿಟ್ಟು, ತಾನು ಏಕಕಾಲಕ್ಕೆ ಗಂಡೂ ಹೆಣ್ಣೂ ಹೌದು, ಆದರೂ ಜೋಡಿ ಬೇಕು ಎಂದು ವಿವರಿಸುತ್ತಾರೆ. ಸೂರ್ಯನಕುದುರೆಯ ಗಂಡಾಗಿ, ಹೆಣ್ಣು ತಲೆ ತಿನ್ನುತ್ತಿದ್ದರೂ ಕೂಡುವುದನ್ನು ನಿಲ್ಲಿಸುವುದಿಲ್ಲ. ಬಸವನಹುಳುಗಳು ಕೂಡುವ ಮೊದಲು ಒಂದಕ್ಕೊಂದು ಸುಣ್ಣದ ಮುಳ್ಳು ಚುಚ್ಚುತ್ತವೆ ಎಂಬುದನ್ನು ನಾನು ತಿಳಿದದ್ದೇ ಅಲ್ಲಿ. ನೋಡುವವರು ಹೊಟ್ಟೆ ಹಿಡಿದು ನಗುತ್ತಾರೆ, ಆದರೆ ಹೇಳಿದ ಜೀವಶಾಸ್ತ್ರ ಸರಿಯಾದದ್ದು.

ತಾಯಿಯ ಮುಖವನ್ನು ಎರೆಹುಳುವಿನ ತುದಿಗೆ ಅಂಟಿಸಿದ್ದು ನೋಡಿ ಹಳಬರು ಬೇಸರಪಟ್ಟಿರಬಹುದು. ನನಗೆ ಅನ್ನಿಸುವುದು ಬೇರೆ. ರೊಬೆರ್ಟೊ ರೊಸೆಲಿನಿ ಕೊನೆಯ ಹದಿನೈದು ವರ್ಷ ಮಾಡಬೇಕೆಂದು ಒದ್ದಾಡಿದ್ದು ಇದನ್ನೇ: ಕಡಿಮೆ ಖರ್ಚಿನಲ್ಲಿ, ಮನೆಯ ಪರದೆಯ ಮೇಲೆ, ಇದ್ದದ್ದನ್ನು ಇದ್ದಂತೆ ಜನರಿಗೆ ಕಲಿಸುವುದು. ಅವರಿಗೆ ನಗಿಸುವುದು ಬರುತ್ತಿರಲಿಲ್ಲ, ಮಗಳಿಗೆ ಬಂತು. ಭಾರತದಲ್ಲಿ ಮಾಡಿ 1959ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ‘ಇಂಡಿಯಾ: ಮಾತೃಭೂಮಿ’ಯ ಮೊದಲ ಕಥೆಯನ್ನು ನೋಡಿದವರಿಗೆ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಒಬ್ಬ ಮಾವುತ ಸೂತ್ರದ ಗೊಂಬೆಯಾಡಿಸುವವನ ಮಗಳನ್ನು ಇಷ್ಟಪಟ್ಟು ಮದುವೆಯಾಗುತ್ತಾನೆ. ಅದರ ಪಕ್ಕದಲ್ಲೇ ಅವನ ಆನೆ ತನ್ನ ಜೋಡಿಯನ್ನು ಕಂಡುಕೊಳ್ಳುತ್ತದೆ. ಒಂದನ್ನು ಮೇಲೆ, ಒಂದನ್ನು ಕೆಳಗೆ ಇಡದೆ ಎರಡೂ ಪ್ರಣಯಗಳನ್ನು ರೊಸೆಲಿನಿ ಒಂದೇ ಗೌರವದಿಂದ ಚಿತ್ರಿಸುತ್ತಾರೆ. ಮುಂದಿನ ಕಥೆಗಳಲ್ಲಿ ಹುಲಿ ಇದೆ, ಒಡೆಯ ಸತ್ತು ಒಂಟಿಯಾದ ಕೋತಿ ಇದೆ. ತನ್ನ ಮನೆ ಒಡೆಯಲು ಕಾರಣವಾದ ಪ್ರಯಾಣದಿಂದ ಅಪ್ಪ ತಂದ ಚಿತ್ರಕ್ಕೆ ಮಗಳ ಉತ್ತರ ಐವತ್ತು ವರ್ಷದ ನಂತರ ಬಂತೆಂದು ಓದುವುದು ನನ್ನ ಓದು. ಇಸಬೆಲ್ಲಾ ಹಾಗೆ ಹೇಳಿಲ್ಲ.

ಅಲ್ಲಿಗೂ ಅವರು ನಿಲ್ಲಲಿಲ್ಲ. ನ್ಯೂಯಾರ್ಕಿನ ಹಂಟರ್ ಕಾಲೇಜಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿಗೆ ಹತ್ತಿರದ ಹುಡುಗ ಹುಡುಗಿಯರ ಜತೆ ಬೆಂಚಿನಲ್ಲಿ ಕೂತು, ಪ್ರಾಣಿಗಳ ನಡವಳಿಕೆ ಮತ್ತು ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಲಾಂಗ್ ಐಲೆಂಡಿನ ಬ್ರೂಕ್‌ಹೇವನ್‌ನಲ್ಲಿ ‘ಮಾಮಾ ಫಾರ್ಮ್’ ಎಂಬ ತೋಟ ಮಾಡಿದ್ದಾರೆ. ಅಲ್ಲಿ ಕುರಿ, ಜೇನು, ತರಕಾರಿ. ಎಲ್ಲಕ್ಕಿಂತ ಹೆಚ್ಚಾಗಿ ಕೋಳಿ. ಅಂಚೆಯಲ್ಲಿ ಪೆಟ್ಟಿಗೆಯಲ್ಲಿ ಬಂದ ಮರಿಗಳು ಬೆಳೆಯುತ್ತ ಒಂದೊಂದು ಒಂದೊಂದು ಬಗೆಯ ರೂಪ, ಸ್ವಭಾವ ತಾಳಿದ್ದನ್ನು ನೋಡಿ ಕುತೂಹಲ ಕೆರಳಿ, ಅಳಿಯುತ್ತಿರುವ ಹಳೆಯ ನಾಟಿ ತಳಿಗಳ ಬಗ್ಗೆ ಓದಿ, ಅವನ್ನೇ ಸಾಕತೊಡಗಿದರು. 2018ರಲ್ಲಿ ‘ಮೈ ಚಿಕನ್ಸ್ ಅಂಡ್ ಐ’ ಎಂಬ ಪುಸ್ತಕ ಬಂತು. ಕುರುಡರಿಗೆ ದಾರಿ ತೋರುವ ನಾಯಿಗಳ ಮರಿಗಳನ್ನೂ ಮನೆಯಲ್ಲಿಟ್ಟು ಬೆಳೆಸಿ, ತರಬೇತಿಗೆ ಕಳಿಸಿಕೊಡುತ್ತಾರೆ. ಒಂದು ಕಾಲಕ್ಕೆ ಅದೇ ಲಾಂಕೋಮ್‌ನ ಮುಖವಾಗಿದ್ದ ಮಗಳು ಎಲೆಟ್ರಾ ಈಗ ತೋಟದ ಕೆಲಸದಲ್ಲಿ ಜತೆಗಿದ್ದಾರೆ.

ಇದರ ಅರ್ಥ ತಾಯಿಯನ್ನು ಬದಿಗೆ ಸರಿಸಿದರು ಎಂದಲ್ಲ. ಬರ್ಗ್‌ಮನ್ ಎರಡೂವರೆ ವರ್ಷದವರಿದ್ದಾಗ ತಾಯಿಯನ್ನೂ, ಹರೆಯಕ್ಕೆ ಬರುವಾಗ ತಂದೆಯನ್ನೂ ಕಳೆದುಕೊಂಡವರು. ತಂದೆ ಫೋಟೊ ಅಂಗಡಿ ಇಟ್ಟಿದ್ದವರು; ಅವರು ತೆಗೆದ ಚಿತ್ರಗಳಲ್ಲೇ ಮಗಳಿಗೆ ತನ್ನ ಬಾಲ್ಯ ಸಿಕ್ಕಿದ್ದು. ಅದಕ್ಕೇ ಇರಬೇಕು, ಬರ್ಗ್‌ಮನ್ ಕಾಗದ, ದಿನಚರಿ, ಫೋಟೊ ಯಾವುದನ್ನೂ ಎಸೆಯಲಿಲ್ಲ; ತಾವೇ ಪುಟ್ಟ ಕ್ಯಾಮೆರಾ ಹಿಡಿದು ಮಕ್ಕಳನ್ನು, ಕಡಲನ್ನು, ಹಬ್ಬಗಳನ್ನು ಚಿತ್ರಿಸಿದರು. ಆ ರಾಶಿ ಈಗ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಸಿನಿಮಾ ಸಂಗ್ರಹದಲ್ಲಿದೆ. 2011ರಲ್ಲಿ ಬರ್ಲಿನ್ ಚಿತ್ರೋತ್ಸವದ ತೀರ್ಪುಗಾರರ ಮುಖ್ಯಸ್ಥೆಯಾಗಿದ್ದಾಗ ಇಸಬೆಲ್ಲಾ ಸ್ವೀಡನ್ನಿನ ನಿರ್ದೇಶಕ ಸ್ಟಿಗ್ ಬ್ಯೋರ್ಕ್‌ಮನ್ ಅವರನ್ನು ಕಂಡು, ಅಮ್ಮನ ಮೇಲೊಂದು ಚಿತ್ರ ಮಾಡೋಣವೆ ಎಂದು ಕೇಳಿದರು. 2015ರಲ್ಲಿ, ಬರ್ಗ್‌ಮನ್ ಶತಮಾನೋತ್ಸವದ ವರ್ಷ, ‘ಇಂಗ್ರಿಡ್ ಬರ್ಗ್‌ಮನ್: ಇನ್ ಹರ್ ಓನ್ ವರ್ಡ್ಸ್’ ಬಂತು. ಅದರಲ್ಲಿ ನಾಲ್ವರು ಮಕ್ಕಳೂ ಮಾತಾಡುತ್ತಾರೆ. ಚಿಕ್ಕಂದಿನಲ್ಲೇ ತಾಯಿ ಬಿಟ್ಟುಹೋದ ಪಿಯಾ ಹೇಳುವಾಗ ದನಿಯಲ್ಲಿ ಒಂದು ಕೊರತೆ ಕೇಳುತ್ತದೆ. ಆ ಕೊರತೆಯನ್ನು ಚಿತ್ರ ಮುಚ್ಚಿಡುವುದಿಲ್ಲ. ತಾಯಿಯನ್ನು ದೇವಿಯಾಗಿಸುವ ಅವಸರ ಯಾವ ಮಗುವಿಗೂ ಇಲ್ಲ.

ಎಪ್ಪತ್ತು ದಾಟಿದ ಮೇಲೆ ಸಿನಿಮಾ ಅವರ ಬಳಿ ತಾನಾಗಿ ಮರಳಿತು. 2023ರಲ್ಲಿ ಆಲಿಚೆ ರೊರ್‌ವಾಕರ್ ಅವರ ‘ಲಾ ಕಿಮೆರಾ’ದಲ್ಲಿ ಬೀಳುತ್ತಿರುವ ಬಂಗಲೆಯಲ್ಲಿ ಸತ್ತ ಮಗಳಿಗಾಗಿ ಕಾಯುವ ಮುದುಕಿಯಾದರು. ಮರುವರ್ಷ ಎಡ್ವರ್ಡ್ ಬೆರ್ಗರ್ ಅವರ ‘ಕಾನ್‌ಕ್ಲೇವ್’. ಹೊಸ ಪೋಪ್ ಆಯ್ಕೆಗೆ ಸೇರಿದ ಕಾರ್ಡಿನಲ್‌ಗಳ ಅಡುಗೆ, ವಸತಿ ನೋಡಿಕೊಳ್ಳುವ ಸಿಸ್ಟರ್ ಆಗ್ನೆಸ್ ಪಾತ್ರ. ತೆರೆಯ ಮೇಲೆ ಕೆಲವೇ ನಿಮಿಷ. ಹೆಚ್ಚಿನ ಹೊತ್ತು ಆಕೆ ಸುಮ್ಮನೆ ನೋಡುತ್ತಾಳೆ. ಊಟದ ಮನೆಯಲ್ಲಿ, ಕೆಂಪು ಟೋಪಿಯ ಗಂಡಸರೆಲ್ಲ ಕೂತಿರುವಾಗ, ಸನ್ಯಾಸಿನಿಯರು ಕಾಣಿಸಿಕೊಳ್ಳಬಾರದೆಂಬುದು ನಿಯಮವಾದರೂ ನಮಗೂ ಕಣ್ಣು ಕಿವಿ ಇವೆ ಎಂಬ ಅರ್ಥದ ಮಾತೆತ್ತಿ, ಗೊತ್ತಿದ್ದ ಒಂದು ಸತ್ಯವನ್ನು ಹೇಳಿ, ಮೊಣಕಾಲು ಚೂರು ಬಾಗಿಸಿ ವಂದಿಸಿ ಹೊರಟುಬಿಡುತ್ತಾಳೆ. ಆ ಬಾಗುವಿಕೆಯಲ್ಲಿ ವಿಧೇಯತೆ ಎಷ್ಟು, ಸವಾಲು ಎಷ್ಟು ಎಂದು ಅಳೆಯಲು ಆಗುವುದಿಲ್ಲ. ಬೇರೆ ಬೇರೆ ಊರಿನ ಚಿತ್ರಮಂದಿರಗಳಲ್ಲಿ ಜನ ಅಲ್ಲಿ ಚಪ್ಪಾಳೆ ತಟ್ಟಿದರು.

ಆ ಪಾತ್ರಕ್ಕೆ 72ನೇ ವಯಸ್ಸಿನಲ್ಲಿ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಡೇವಿಡ್ ಲಿಂಚ್ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. 2025ರ ಮಾರ್ಚ್ 2ರ ಸಮಾರಂಭಕ್ಕೆ ಇಸಬೆಲ್ಲಾ ನೀಲಿ ವೆಲ್ವೆಟ್ಟಿನ ಉಡುಪು ತೊಟ್ಟು, ತಾಯಿಯ ಕಿವಿಯೋಲೆ ಹಾಕಿಕೊಂಡು, ‘ಬ್ಲೂ ವೆಲ್ವೆಟ್’ನ ಇನ್ನೊಬ್ಬ ನಟಿ ಲಾರಾ ಡರ್ನ್ ಅವರ ಜತೆ ಬಂದರು. ಪ್ರಶಸ್ತಿ ಝೋಯಿ ಸಲ್ಡಾನಾ ಅವರಿಗೆ ಹೋಯಿತು. ಸಿಸ್ಟರ್ ಆಗ್ನೆಸ್ ಎಲ್ಲಿಂದ ಬಂದಳೆಂದು ಕೇಳಿದವರಿಗೆ ಇಸಬೆಲ್ಲಾ ಅಮ್ಮನ ಹೆಸರನ್ನಾಗಲಿ ಅಪ್ಪನ ಹೆಸರನ್ನಾಗಲಿ ಹೇಳಲಿಲ್ಲ. ರೋಮ್‌ನಲ್ಲಿ ತಾವು ಓದಿದ್ದು ಸನ್ಯಾಸಿನಿಯರ ಶಾಲೆ, ಅವರಲ್ಲಿ ಬಲವಾದ ಹೆಂಗಸರಿದ್ದರು, ದನಿ ಎತ್ತರಿಸದೆಯೇ ಅವರ ಮಾತು ನಡೆಯುತ್ತಿತ್ತು, ಆ ಟೀಚರುಗಳ ನೆನಪಿನಿಂದ ಪಾತ್ರ ಕಟ್ಟಿದೆ ಎಂದರು.